ವಾಷಿಂಗ್ ಮಷೀನ್ ತಗೊಂಡ ದಿನ

ಮೂರು ಅಕ್ಷರ, ಆಮೇಲೆ ಹತ್ತು ಅಂಕಿ. ನಮ್ಮ ವೀಸಾ ಕೇಸಿನ ರಸೀದಿ ನಂಬರ್ ಅದು. ಬ್ಯಾಂಕ್ ಖಾತೆಯ ನಂಬರ್ ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ, ಇದನ್ನು ಮಾತ್ರ ನಿದ್ದೆಗಣ್ಣಲ್ಲೂ ಹೇಳುತ್ತೇನೆ.

ನಾನು ಅಮೆರಿಕದ ಪ್ರಜೆ. ಇವರು ಇಂಡಿಯಾದಲ್ಲಿ. ಮದುವೆಯಾದ ಮೇಲೆ ಇವರನ್ನು ಇಲ್ಲಿಗೆ ಕರೆಸಿಕೊಳ್ಳಲು ಐ-130 ಎಂಬ ಅರ್ಜಿ ಹಾಕಿದೆ. ಪ್ರಜೆಗಳ ಗಂಡನಿಗೋ ಹೆಂಡತಿಗೋ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್ ಇರುವವರ ಹಾಗೆ ಯಾರ ಸರದಿ ಬಂತು ಅಂತ ಹೇಳುವ ವೀಸಾ ಬುಲೆಟಿನ್ನನ್ನು ತಿಂಗಳು ತಿಂಗಳು ಕಾಯಬೇಕಾಗಿಲ್ಲ. ಅದಕ್ಕೇ ಬೇಗ ಆಗುತ್ತದೆ ಅಂತ ಎಲ್ಲರೂ ಹೇಳಿದರು. ಮಿತಿ ಇಲ್ಲದಿದ್ದರೇನು, ಸಾಲು ಇದ್ದೇ ಇದೆಯಲ್ಲ. ಪ್ರತಿ ಅರ್ಜಿಯನ್ನೂ ಯಾರಾದರೂ ಒಬ್ಬರು ತೆಗೆದು ಓದಲೇಬೇಕು.

ನಾನಿರುವುದು ಪೂರ್ವ ಕರಾವಳಿಯಲ್ಲಿ. ಬೇಸಿಗೆಯಲ್ಲಿ ನಮಗೂ ಇಂಡಿಯಾಕ್ಕೂ ಒಂಬತ್ತೂವರೆ ಗಂಟೆ ಅಂತರ. ನವೆಂಬರಿನಲ್ಲಿ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದು ಹತ್ತೂವರೆ. ಒಂದೇ ಗಂಟೆ, ಆದರೆ ನಾನು ರಾತ್ರಿ ಪಾತ್ರೆ ತೊಳೆದು ಫೋನ್ ಹಿಡಿಯುವ ಹೊತ್ತಿಗೆ ಇವರು ಆಫೀಸಿಗೆ ಹೊರಟು ಗಾಡಿ ಮೇಲಿರುತ್ತಿದ್ದರು. ಸಿಕ್ಕಾಗಲೂ ಮಾತೆಲ್ಲ ಕೇಸಿನದೇ. "ಸ್ಟೇಟಸ್ ನೋಡಿದ್ಯಾ?" "ನೋಡ್ದೆ, ಅದೇ ಇದೆ." ಊಟ ಆಯ್ತಾ ಅಂತ ಕೇಳುವುದು ಎಷ್ಟೋ ದಿನ ಮರೆತೇ ಹೋಗುತ್ತಿತ್ತು.

ರಜೆ ಹಾಕಿ ಹೋದಾಗ ಇವರ ಬಾಡಿಗೆ ಮನೆ ನೋಡಿದೆ. ಎರಡು ಪ್ಲಾಸ್ಟಿಕ್ ಕುರ್ಚಿ, ನೆಲದ ಮೇಲೆ ಹಾಸಿಗೆ. ಬಚ್ಚಲಲ್ಲಿ ಬಕೆಟ್ ತುಂಬ ನೆನೆಹಾಕಿದ ಬಟ್ಟೆ. ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಅಂಗಿಗಳ ಕಾಲರ್ ಎಳೆ ಬಿಟ್ಟಿದ್ದವು.

"ಒಂದು ಮಷೀನ್ ತಗೋಬಾರದೇನ್ರೀ?"

"ತಗೊಂಡು? ಮುಂದಿನ ತಿಂಗಳು ವೀಸಾ ಬಂದ್ಬಿಟ್ರೆ ಯಾರಿಗೆ ಕೊಡ್ಲಿ?"

ಈ ಮುಂದಿನ ತಿಂಗಳು ಅನ್ನುವುದು ಬಾಡಿಗೆ ಕೊಡದ ನೆಂಟನ ಹಾಗೆ ಆ ಮನೆಯಲ್ಲಿ ಠಿಕಾಣಿ ಹೂಡಿತ್ತು. ಅದಿದೆಯೆಂದು ಮಂಚ ಬೇಡ, ಗ್ಯಾಸ್ ಒಲೆ ಹಳೆಯದೇ ಸಾಕು. ಆಫೀಸಿನಲ್ಲೂ ಅಷ್ಟೇ, "ನೀವು ಹೇಗೂ ಹೊರಡೋರು" ಅಂತ ಒಳ್ಳೆ ಕೆಲಸವೆಲ್ಲ ಬೇರೆಯವರಿಗೆ. ಮದುವೆ ಮುಂಜಿಗೆ ಹೋದರೆ "ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಬಾರಪ್ಪ" ಎಂಬ ಸಲಹೆ. ಟೂರಿಸ್ಟ್ ವೀಸಾ ಬೇಕಾದರೆ ವಾಪಸ್ ಬಂದೇ ಬರುತ್ತೇನೆ ಅಂತ ಅಧಿಕಾರಿಯನ್ನು ಒಪ್ಪಿಸಬೇಕು. ಅಲ್ಲೇ ನೆಲೆಸಲು ಹೆಂಡತಿಯೇ ಅರ್ಜಿ ಹಾಕಿರುವಾಗ ಅದನ್ನು ನಂಬಿಸುವುದು ಸುಲಭವಾ? ಅತ್ತೆಗೆ ಇದು ಅರ್ಥವಾಗಿತ್ತು, ಮಿಕ್ಕವರಿಗೆ ವಿವರಿಸುವುದನ್ನು ಇವರು ಬಿಟ್ಟಿದ್ದರು.

ನಾನಲ್ಲಿದ್ದಾಗಲೇ ಮದುವೆಯಾಗಿ ಎರಡು ವರ್ಷ ತುಂಬಿತು. ಬೆಳಿಗ್ಗೆ ಗೆಳತಿಯ ಫೋನ್. "ಕಂಗ್ರಾಟ್ಸ್! ಇನ್ನು ನಿಮ್ಮದು ಐಆರ್-1 ಕಣೇ."

ವಿಷಯ ಇಷ್ಟು. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ಆಗಿಲ್ಲದಿದ್ದರೆ ಸಿಆರ್-1, ಅಂದರೆ ಷರತ್ತಿನ ಗ್ರೀನ್ ಕಾರ್ಡ್. ಎರಡೇ ವರ್ಷದ್ದು. ಅದು ಮುಗಿಯುವ ಮೊದಲಿನ 90 ದಿನಗಳಲ್ಲಿ ಷರತ್ತು ತೆಗೆಸಲು ಐ-751 ಅರ್ಜಿ ಹಾಕಿ, ನಮ್ಮ ಮದುವೆ ನಿಜದ್ದೇ ಅಂತ ಮತ್ತೆ ಫೋಟೋ, ಬಿಲ್ಲು, ಖಾತೆ ಎಲ್ಲ ತೋರಿಸಬೇಕು. ಎರಡು ವರ್ಷ ದಾಟಿದ್ದರೆ ಐಆರ್-1, ನೇರ ಹತ್ತು ವರ್ಷದ ಕಾರ್ಡ್. ದೂರ ದೂರ ಇದ್ದೇ ನಮ್ಮ ಮದುವೆ ಗಟ್ಟಿ ಅಂತ ಸಾಬೀತಾದಂತಾಯಿತು! ಇವರಿಗೆ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಇವರೇ, "ನಡಿ, ಮಷೀನ್ ನೋಡ್ಕೊಂಡು ಬರೋಣ" ಅಂದರು.

ಮುಂದೆ ಬಾಗಿಲಿರುವ ಮಷೀನ್. ಕೂರಿಸಲು ಬಂದ ಹುಡುಗ ಹಿಂದಿನಿಂದ ಉದ್ದುದ್ದ ಬೋಲ್ಟುಗಳನ್ನು ಬಿಚ್ಚಿ ಇವರ ಕೈಗಿಟ್ಟ. ಸಾಗಿಸುವಾಗ ಒಳಗಿನ ಡ್ರಮ್ ಅಲ್ಲಾಡಬಾರದು ಅಂತ ಹಾಕಿರುತ್ತಾರಂತೆ. "ಎಸೀಬೇಡಿ ಸರ್, ಮನೆ ಶಿಫ್ಟ್ ಮಾಡುವಾಗ ಮತ್ತೆ ಬೇಕಾಗುತ್ತೆ." ಇವರು ಅವನ್ನು ಒಂದು ಕವರಿಗೆ ಹಾಕಿ ವೀಸಾ ಫೈಲಿನ ಪಕ್ಕದಲ್ಲೇ ಇಟ್ಟರು.

ಅಲ್ಲಿಂದ ವಾಪಸಾದ ಮೇಲೆ ಕೇಸಿನ ಮಾತು ಭಾನುವಾರ ಮಾತ್ರ ಅಂತ ಮಾಡಿಕೊಂಡೆವು. ಪೂರ್ತಿ ಪಾಲಿಸಿದೆವು ಅಂತ ಹೇಳಲಾರೆ. ಆದರೂ ಮನೆ ಮಾಲೀಕರ ಬೆಕ್ಕು, ನನ್ನ ಮ್ಯಾನೇಜರ್, ಅತ್ತೆಯ ಮಂಡಿನೋವು ಎಲ್ಲ ಮಾತಿಗೆ ವಾಪಸ್ ಬಂದವು.

ಐ-130 ಮಂಜೂರಾಗಿ ಫೈಲು ಇಂಟರ್‌ವ್ಯೂಗೆ ಮೊದಲು ಫೀಸು, ದಾಖಲೆ ಪಡೆಯುವ ನ್ಯಾಷನಲ್ ವೀಸಾ ಸೆಂಟರಿಗೆ ಹೋದ ಮೇಲೆ ನಮ್ಮ ಕೈಗೂ ಕೆಲಸ ಬಂತು. 325 ಡಾಲರ್ ಒಂದು ಫೀಸು, 120 ಡಾಲರ್ ಇನ್ನೊಂದು. ಇವರದು ಡಿಎಸ್-260 ಎಂಬ ವೀಸಾ ಅರ್ಜಿ ಮತ್ತು ಪೊಲೀಸ್ ಕ್ಲಿಯರೆನ್ಸ್. ನನ್ನದು ಐ-864, ಗಂಡನನ್ನು ಸಾಕುವಷ್ಟು ಸಂಬಳ ಇದೆ ಅನ್ನುವ ಬರಹ. ಹೆಚ್ಚು ತಲೆ ತಿಂದದ್ದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಅಪ್ಪನ ಹೆಸರು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆವು.

ದಾಖಲೆಗಳೆಲ್ಲ ಸರಿ ಇವೆ ಅಂತ ಈಚೆಗೆ ಮೇಲ್ ಬಂದಿದೆ. ಇನ್ನು ಮುಂಬೈಯ ಅಮೆರಿಕನ್ ಕಾನ್ಸುಲೇಟಿನ ಇಂಟರ್‌ವ್ಯೂ ದಿನಾಂಕ ಬರಬೇಕು. ಇವರು ಸೋಫಾ ನೋಡುತ್ತಿದ್ದಾರೆ. ತಿಳಿ ಬಣ್ಣದ್ದು ಬೇಡ, ಕಲೆ ಜಾಸ್ತಿ ಕಾಣುತ್ತದೆ ಅಂತ ನಾನು. ಇವರು ಕೇಳುತ್ತಿಲ್ಲ.