ಮಲಾವಿ ಮೀನು ಕೇಳಿ ಬಂದವರಿಗೆ ನನ್ನ ಮೊದಲ ಪ್ರಶ್ನೆ

ಹುಬ್ಬಳ್ಳಿಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಕೆಲಸ. ಅರ್ಧ ದಿನ ಕೌಂಟರ್, ಇನ್ನರ್ಧ ದಿನ ಮಂದಿ ಮನೆಗೆ ಹೋಗಿ ಟ್ಯಾಂಕ್ ಕೂಡಿಸುವುದು, ತೊಳೆಯುವುದು, ಸಣ್ಣಪುಟ್ಟ ರಿಪೇರಿ. ಧಾರವಾಡಕ್ಕಂತೂ ದಿನಾ ಓಡಾಟ. ಗದಗ, ಹಾವೇರಿ ಕಡೆಯ ಗಿರಾಕಿಗಳೂ ಇದ್ದಾರೆ. ಆಫ್ರಿಕನ್ ಸಿಕ್ಲಿಡ್ ಅನ್ನೋ ಬಣ್ಣದ ಮೀನು ಸಾಕಲು ಹೊರಟ ಹೊಸಬರ ಜೊತೆ ಮಾತಾಡಿ ಮಾತಾಡಿ ನನಗೊಂದು ರೂಢಿ ಬಿದ್ದಿದೆ. ಅವರು ‘ಯಾವ ಮೀನು ಚಲೋ ರೀ?’ ಅಂತಾರೆ. ನಾನು ‘ನಿಮ್ಮನ್ಯಾಗ ಯಾವ ನೀರು ರೀ?’ ಅಂತೇನೆ.

ಅವರು ಬರೋದು ಬಣ್ಣ ನೋಡಿ. ಹಳದಿ, ಕಡುನೀಲಿ, ಕಿತ್ತಳೆ. ಗೋಲ್ಡ್ ಫಿಶ್ ನೋಡಿ ರೂಢಿಯಾದ ಕಣ್ಣಿಗೆ ಇದು ಸಮುದ್ರದ ಮೀನಿನಂತೆ ಕಾಣುತ್ತದೆ. ‘ಹಂಗಾದ್ರ ಉಪ್ಪು ಹಾಕಬೇಕೇನ್ರಿ?’ ಅನ್ನೋದು ಮುಂದಿನ ಪ್ರಶ್ನೆ. ಬೇಡ. ನಮ್ಮ ಅಂಗಡಿಗಳಲ್ಲಿ ಈ ಹೆಸರಿನಲ್ಲಿ ಸಿಗೋದು ಹೆಚ್ಚಾಗಿ ಮಲಾವಿ ಸರೋವರದ ಜಾತಿಗಳು. ಮಲಾವಿ, ಮೊಜಾಂಬಿಕ್, ತಾಂಜಾನಿಯಾ ದೇಶಗಳ ನಡುವೆ ಸುಮಾರು 580 ಕಿಲೋಮೀಟರ್ ಉದ್ದಕ್ಕೆ ಬಿದ್ದಿರುವ ಸಿಹಿನೀರಿನ ಸರೋವರ ಅದು. ಆ ಒಂದೇ ನೀರಿನಲ್ಲಿ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ. ನೀರು ಉಪ್ಪಲ್ಲ, ಆದರೆ ಗಡಸು, ಅಂದರೆ ಸುಣ್ಣದಂಥ ಖನಿಜ ಕರಗಿರುವ ನೀರು. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7.8ರಿಂದ 8.6ರ ಆಸುಪಾಸು.

ಇಲ್ಲೇ ನಮ್ಮ ಊರಿನ ವಿಷಯ ಬರೋದು. ಹುಬ್ಬಳ್ಳಿ-ಧಾರವಾಡದ ನಳದಲ್ಲಿ ಬರೋದು ಬಹುಪಾಲು ಮಲಪ್ರಭಾ ನೀರು. ಅದು ಬಾರದ ದಿನ ಬೋರ್ ನೀರೇ ಗತಿ. ಬೋರ್ ನೀರನ್ನು ಬೈಯದವರಿಲ್ಲ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಸೋಪು ನೊರೆ ಬರೋದಿಲ್ಲ, ಬೇಳೆ ಬೇಯೋದಿಲ್ಲ. ಗದಗದಿಂದ ಬಂದ ಒಬ್ಬರು ತುಂಬಾ ಸಂಕೋಚದಿಂದ ಕೇಳಿದ್ದರು, ‘ಅಣ್ಣಾರ, ನಮ್ಮದು ಬ್ಯಾಳಿ ಬೇಯದ ನೀರು. ಮೀನ ಉಳಿತಾವೇನ್ರಿ?’ ಈ ಮೀನಿಗೆ ಬೇಕಾದದ್ದೇ ಆ ನೀರು! ಇದು ಗೊತ್ತಿಲ್ಲದೆ ಕೆಲವರು ಮೀನಿಗೆ ಒಳ್ಳೆಯದಾಗಲಿ ಅಂತ ಕುಡಿಯುವ ಆರ್‌ಓ ನೀರನ್ನು ಕೊಡಗಟ್ಟಲೆ ಸುರಿಯುತ್ತಾರೆ. ಆರ್‌ಓ ಮಾಡೋದೇ ನೀರಿನಲ್ಲಿರುವ ಖನಿಜ ತೆಗೆಯೋದನ್ನು. ಮಲಾವಿ ಮೀನಿಗೆ ಅದು ಉಪಕಾರ ಅಲ್ಲ.

ಆದರೆ ಬೋರ್ ನೀರನ್ನು ನೇರ ಟ್ಯಾಂಕಿಗೆ ಬಿಡಬೇಡಿ. ನೆಲದಡಿಯಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಆಗ ಪರೀಕ್ಷೆ ಮಾಡಿದರೆ ಪಿಎಚ್ ಸುಳ್ಳು ಹೇಳುತ್ತದೆ. ಅದಕ್ಕೇ ನಾನು ಎರಡು ಬಾಟಲಿ ತರಲು ಹೇಳುತ್ತೇನೆ: ಒಂದು ಆಗಲೇ ಹಿಡಿದದ್ದು, ಇನ್ನೊಂದು ರಾತ್ರಿಯೆಲ್ಲ ತೆರೆದ ಬಕೆಟ್‌ನಲ್ಲಿ ಗಾಳಿ ಪಂಪ್ ಹಾಕಿ ಇಟ್ಟದ್ದು. ಟೆಸ್ಟ್ ಕಿಟ್‌ನ ಹನಿ ಬಿಟ್ಟರೆ ಎರಡರ ಬಣ್ಣ ಬೇರೆ ಬೇರೆ ಬರೋದನ್ನು ಗಿರಾಕಿಯೇ ನೋಡುತ್ತಾರೆ. ಆಮೇಲೆ ನಾನು ಜಾಸ್ತಿ ಭಾಷಣ ಮಾಡಬೇಕಾಗಿಲ್ಲ. ಬರೀ ನಳದ ನೀರಿನವರು ಕ್ಲೋರಿನ್ ತೆಗೆಯುವ ಹನಿ ಹಾಕಲೇಬೇಕು, ಅಷ್ಟೇ.

ನದಿ ನೀರು ಮೆದುವಾಗಿದ್ದರೆ ಟ್ಯಾಂಕಿನೊಳಗೆ ಸುಣ್ಣದ ಅಂಶ ಇರುವ ಕಲ್ಲು ಬೇಕು. ಅಂಗಡಿಯಲ್ಲಿ ಕೋರಲ್ ಚಿಪ್ಸ್, ಅಂದರೆ ಹವಳದ ಚೂರು ಇದೆ, ಮಾರುತ್ತೇನೆ. ಆದರೆ ನನಗೆ ಇಷ್ಟವಾದದ್ದು ಫರ್ಸಿ. ನಮ್ಮ ಕಡೆ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಕಲ್ಲಿನ ಅಡ್ಡೆಯಲ್ಲಿ ಒಡೆದು ಬಿದ್ದ ಹೊಸ ತುಂಡುಗಳು ಪುಕ್ಕಟೆಯಾಗಿಯೂ ಸಿಗುತ್ತವೆ. ಚೂಪಾದ ಅಂಚು ತಿಕ್ಕಿ, ಸೋಪು ಹಾಕದೆ ತೊಳೆದು, ಅಡ್ಡಡ್ಡ ಪೇರಿಸಿದರೆ ಸಂದಿಗೊಂದಿಗಳ ಗುಹೆ ತಯಾರು. ಸಂಶಯ ಇದ್ದರೆ ಮೊಳೆಯಿಂದ ಕಲ್ಲನ್ನು ಕೆರೆದು, ಆ ಪುಡಿಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಸಣ್ಣಗೆ ಗುಳ್ಳೆ ಎದ್ದರೆ ಸುಣ್ಣದ ಕಲ್ಲು. ಗ್ರಾನೈಟ್ ಆದರೆ ಸುಮ್ನೆ ಒದ್ದೆಯಾಗುತ್ತದೆ. ಗ್ರಾನೈಟ್ ಇಟ್ಟರೂ ತೊಂದರೆ ಏನಿಲ್ಲ, ನೀರಿನ ಗಡಸುತನ ಹೆಚ್ಚಿಸೋದಿಲ್ಲ ಅಷ್ಟೇ. ಪಾಲಿಶ್, ಸಿಮೆಂಟ್ ಹತ್ತಿದ ಹಳೆಯ ಫರ್ಸಿ ಮಾತ್ರ ಬೇಡ.

ಕಲ್ಲು ಮೊದಲು, ಮರಳು ಆಮೇಲೆ. ಈ ಮೀನುಗಳು ಬಾಯಲ್ಲಿ ಮರಳು ತುಂಬಿಕೊಂಡು ಇನ್ನೊಂದು ಮೂಲೆಗೆ ಉಗುಳುತ್ತವೆ. ಮರಳಿನ ಮೇಲೆ ಕಲ್ಲು ಪೇರಿಸಿದ್ದರೆ ತಳ ಸಡಿಲವಾಗಿ ಕಲ್ಲು ಗಾಜಿನ ಮೇಲೆ ವಾಲುತ್ತದೆ. ಕೆಳಗಿನ ಕಲ್ಲುಗಳು ಟ್ಯಾಂಕಿನ ತಳಕ್ಕೇ ಕೂತಿರಬೇಕು, ಅವುಗಳ ಸುತ್ತ ಮರಳು ಸುರಿಯಬೇಕು. ನಾನು ತಳದಲ್ಲಿ ಒಂದು ತೆಳು ಪ್ಲಾಸ್ಟಿಕ್ ಜಾಳಿಗೆ ಹಾಕಿಯೇ ಕಲ್ಲಿಡೋದು.

ಅಳತೆಯ ವಿಷಯದಲ್ಲಿ ನಾನು ಚೌಕಾಸಿಗೆ ಬಗ್ಗೋದಿಲ್ಲ. ಎರಡಡಿ ಟ್ಯಾಂಕಿಗೆ ಮಲಾವಿ ಮೀನು ಕೊಡೋದಿಲ್ಲ. ಕಡಿಮೆ ಅಂದರೆ ನಾಲ್ಕಡಿ ಉದ್ದ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂದರೆ ಅಂಚಿನವರೆಗೆ 255 ಲೀಟರ್. ಗಾಜು, ಕಲ್ಲು, ಮರಳು ಸೇರಿ 300 ಕೆಜಿ ಆರಾಮಾಗಿ ದಾಟುತ್ತದೆ. ಟಿವಿ ಶೋಕೇಸ್ ಮೇಲೆ ಇಡುತ್ತೇವೆ ಅನ್ನುವವರಿಗೆ ಈ ಲೆಕ್ಕ ಹೇಳಿದರೆ ಕಬ್ಬಿಣದ ಸ್ಟ್ಯಾಂಡಿಗೆ ತಾವೇ ಒಪ್ಪುತ್ತಾರೆ.

ಕೌಂಟರಿನಲ್ಲಿ ಎಲ್ಲಕ್ಕಿಂತ ಕಷ್ಟದ ಮಾತು ಅಂದರೆ ‘ಇವತ್ತು ಮೀನು ಇಲ್ಲ’. ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾರೆ. ಖಾಲಿ ಟ್ಯಾಂಕ್ ಒಯ್ಯುವ ಮನಸ್ಸು ಯಾರಿಗಿದೆ? ಆದರೆ ಹೊಸ ಟ್ಯಾಂಕಿನಲ್ಲಿ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಇರೋದಿಲ್ಲ. ಹೊಲಸಿನಿಂದ ಅಮೋನಿಯಾ, ಅದರಿಂದ ನೈಟ್ರೈಟ್, ಕೊನೆಗೆ ನೈಟ್ರೇಟ್. ಈ ಸರಪಳಿ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಬೇರೆ ಮೀನಿಗೂ ಇದೇ ನಿಯಮ, ಆದರೆ ಮಲಾವಿ ನೀರಿನಲ್ಲಿ ಇನ್ನೂ ಬಿಗಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದ ವಿಷಕಾರಿ ರೂಪ ಶೇಕಡಾ ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದೇ ಶೇಕಡಾ 5ರ ಹತ್ತಿರ ಹೋಗುತ್ತದೆ. ಗೋಲ್ಡ್ ಫಿಶ್ ಟ್ಯಾಂಕಿನಲ್ಲಿ ಹೇಗೋ ನಡೆದುಹೋದ ಕೊಳೆ ಇಲ್ಲಿ ನಡೆಯೋದಿಲ್ಲ.

ನಮ್ಮ ಮಾಲಕರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಬಂದ ಗಿರಾಕಿಯನ್ನು ವಾಪಸ್ ಕಳಿಸ್ತೀಯಲ್ಲಪ್ಪಾ ಅಂತ ಮುಖ ಗಂಟಿಕ್ಕುತ್ತಿದ್ದರು. ಈಗ ಅವರೇ ಒಂದು ಏರ್ಪಾಡು ಮಾಡಿದ್ದಾರೆ. ಟ್ಯಾಂಕ್, ಫಿಲ್ಟರ್, ಕಲ್ಲು ಮೊದಲು ಹೋಗುತ್ತವೆ. ಜೊತೆಗೆ ನಮ್ಮ ರೋಗವಿಲ್ಲದ ಟ್ಯಾಂಕಿನ ಫಿಲ್ಟರ್‌ನಿಂದ ಒಂದು ತುಂಡು ಹಳೆ ಸ್ಪಂಜು ಪುಕ್ಕಟೆ. ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ಕಾಯುವ ದಿನ ಕಡಿಮೆಯಾಗುತ್ತದೆ. ಮನೆಗೆ ಹೋದಮೇಲೆ ಅದನ್ನು ನಳದ ಕೆಳಗೆ ಹಿಡಿದು ಬೆಳ್ಳಗೆ ತೊಳೆಯಬೇಡಿ ಅಂತ ಎರಡೆರಡು ಸಲ ಹೇಳುತ್ತೇನೆ. ನಮ್ಮ ಮಂದಿಗೆ ಸ್ವಚ್ಛತೆ ಅಂದರೆ ಬೆಳ್ಳಗಿರೋದು. ಸ್ಪಂಜು ಕಂದು ಬಣ್ಣ ಇದ್ದರೇನೇ ಜೀವ ಇದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿದರೆ ಸಾಕು. ಮೀನು ಬಂದಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಈಗ ಮೀನು. ‘ಮಿಕ್ಸ್ ಸಿಕ್ಲಿಡ್’ ಅಂತ ಒಂದೇ ರೇಟಿಗೆ ಸಿಗುವ ಮರಿಗಳನ್ನು ಹೊಸಬರಿಗೆ ಕೊಡಲು ನನಗೆ ಮನಸ್ಸಿಲ್ಲ. ಅದರಲ್ಲಿ ಅರಾಟಸ್ ಅನ್ನೋ ಜಾತಿ ಸೇರಿರುತ್ತದೆ. ಚಿಕ್ಕದಿದ್ದಾಗ ಹಳದಿ-ಕಪ್ಪು ಪಟ್ಟೆಯ ಮುದ್ದು ಮರಿ. ಬೆಳೆದ ಗಂಡು ಇಡೀ ಟ್ಯಾಂಕೇ ತನ್ನದು ಅನ್ನುತ್ತದೆ. ಶುರುವಿಗೆ ಯೆಲ್ಲೋ ಲ್ಯಾಬ್ ಅನ್ನೋ ಜಾತಿ ಒಳ್ಳೆಯದು, ಈ ಗುಂಪಿನಲ್ಲಿ ಅದು ಸ್ವಲ್ಪ ಸಾಧು. ಗಂಡು ಹೆಣ್ಣು ಎರಡೂ ಹಳದಿಯೇ. ಪೀಕಾಕ್ ಜಾತಿಯಲ್ಲಿ ಹಾಗಲ್ಲ, ಅಲ್ಲಿ ಹೆಣ್ಣು ಬೂದು ಬಣ್ಣ. ಇಡೀ ತೊಟ್ಟಿಯಲ್ಲಿ ಎರಡಿಂಚಿನ ಪೀಕಾಕ್ ಮರಿಗಳೆಲ್ಲ ಝಗಝಗಿಸುತ್ತಿದ್ದರೆ ಬಣ್ಣ ಬರಲಿ ಅಂತ ಹಾರ್ಮೋನ್ ಕೊಟ್ಟಿರುವ ಅನುಮಾನ ನನಗೆ ಬರುತ್ತದೆ.

ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣು ಇರಲಿ. ಎರಡೇ ಮೀನು ತಂದರೆ ಒಂದು ಇನ್ನೊಂದನ್ನು ಮುಗಿಸುತ್ತದೆ. ನಾಲ್ಕಡಿ ಟ್ಯಾಂಕಿನಲ್ಲಿ ಹದಿನೈದರಷ್ಟಿದ್ದರೆ ಸಿಟ್ಟು ಹಂಚಿಹೋಗುತ್ತದೆ, ಫಿಲ್ಟರ್ ಮಾತ್ರ ಗಟ್ಟಿ ಇರಬೇಕು. ಏಂಜೆಲ್ ಫಿಶ್ ಜೊತೆಗಿಡಬಹುದಾ ಅಂತ ಕೇಳುತ್ತಾರೆ. ಅದೂ ಸಿಕ್ಲಿಡ್ಡೇ, ಆದರೆ ಅಮೆಜಾನ್ ಕಡೆಯದು, ಮೆದು ನೀರಿನದು. ಬೇಡ.

ಮನೆಗೆ ಸರ್ವಿಸ್‌ಗೆ ಹೋದಾಗ ನಾನು ಮೊದಲು ನೋಡೋದು ಟ್ಯಾಂಕಿನ ಮೇಲಿನ ಮೂಲೆ. ಹೀಟರಿನ ಹಿಂದೆ, ನೀರಿನ ಮಟ್ಟಕ್ಕೆ ಹತ್ತಿ ಒಂದು ಮೀನು ರೆಕ್ಕೆ ಮಡಚಿಕೊಂಡು ನಿಂತಿದ್ದರೆ, ಬಾಲ ಹರಿದಿದ್ದರೆ, ಕೆಳಗಿನ ಯಾವುದೋ ಒಂದು ಗಂಡು ಅದನ್ನು ಇಳಿಯಲು ಬಿಡುತ್ತಿಲ್ಲ ಅಂತ ಅರ್ಥ. ಔಷಧಿ ಕೇಳಬೇಡಿ. ಏಟು ತಿಂದದ್ದನ್ನು ಬೇರೆ ಇಡಿ. ಕಲ್ಲುಗಳ ಜಾಗ ಪೂರ್ತಿ ಬದಲಿಸಿ. ಎಲ್ಲರ ಗಡಿಯೂ ಅಳಿಸಿಹೋದರೆ ಪುಂಡನಿಗೂ ಹೊಸದಾಗಿ ಶುರು ಮಾಡಬೇಕಾಗುತ್ತದೆ. ಹೊಸ ಮೀನು ಬಿಡುವಾಗಲೂ ಇದೇ ಉಪಾಯ, ಲೈಟ್ ಆರಿಸಿ ಬಿಡಿ.

ಇಲ್ಲಿನ ಹವೆಗೆ 24ರಿಂದ 27 ಡಿಗ್ರಿ ಕಷ್ಟವಲ್ಲ. ಧಾರವಾಡದ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು. ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದು ಜಾಳಿಗೆ ಹಾಕಿ ಫ್ಯಾನ್ ಗಾಳಿ ತಾಗಿಸಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಕರೆಂಟ್ ಹೋದರೆ ಹೀಟರ್ ಅಲ್ಲ, ಫಿಲ್ಟರ್ ಅಥವಾ ಗಾಳಿ ಪಂಪ್ ಇನ್ವರ್ಟರ್ ಮೇಲೆ ಇರಲಿ.

ಬೆಳಿಗ್ಗೆ ಫೋನ್ ತೆರೆದರೆ ವಾಟ್ಸಾಪ್‌ನಲ್ಲಿ ಒಂದಾದರೂ ವಿಡಿಯೋ ಇರುತ್ತದೆ: ‘ಮೀನ ಊದೈತಿ, ತಿನ್ನವಲ್ದು’. ಊದಿದ್ದು ಎಲ್ಲಿ ಅನ್ನೋದೇ ನನ್ನ ಪ್ರಶ್ನೆ. ಹೊಟ್ಟೆ ಊದಿ, ಉಸಿರು ಜೋರಾಗಿ, ಬಿಳಿ ದಾರದಂಥ ಹಿಕ್ಕೆ ನೇತಾಡುತ್ತಿದ್ದರೆ ಅದು ಬ್ಲೋಟ್. ಊಟ ಏನು ಕೊಡ್ತೀರಿ ಅಂತ ಕೇಳುತ್ತೇನೆ. ಈ ಮೀನುಗಳಲ್ಲಿ ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುವ ಜಾತಿಗಳ ಕರುಳು ಉದ್ದ. ಅವಕ್ಕೆ ಬ್ಲಡ್ ವರ್ಮ್, ಟ್ಯೂಬಿಫೆಕ್ಸ್‌ನಂಥ ಹುಳು ತಿನ್ನಿಸಿದರೆ ಹೊಟ್ಟೆ ಕೆಡುತ್ತದೆ. ಸ್ಪಿರುಲಿನಾ ಅನ್ನೋ ಪಾಚಿ ಇರುವ ಸಣ್ಣ ಕಾಳು ಸಾಕು, ಒಂದೆರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಮನೆಗೆ ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕುವ ಪದ್ಧತಿ ನಿಲ್ಲಿಸಿ.

ಹೊಟ್ಟೆ ತೆಳ್ಳಗಿದ್ದು ಗಂಟಲು ಮಾತ್ರ ಉಬ್ಬಿದ್ದರೆ ಖುಷಿಪಡಿ. ಆಗಾಗ ಬಾಯೊಳಗೆ ಏನೋ ಹೊರಳಿಸಿದಂತೆ ದವಡೆ ಆಡಿಸುತ್ತಿರುತ್ತದೆ. ಅದು ತಾಯಿ, ಬಾಯಲ್ಲಿ ಮೊಟ್ಟೆ ಇದೆ. ಸುಮಾರು ಮೂರು ವಾರ ಅದು ಹೀಗೇ ಇರುತ್ತದೆ, ಊಟದ ಕಡೆ ತಿರುಗಿಯೂ ನೋಡೋದಿಲ್ಲ. ಬಲೆ ಹಾಕಿ ಅಟ್ಟಾಡಿಸಿದರೆ ಮೊಟ್ಟೆ ಉಗುಳಿಬಿಡುತ್ತದೆ, ಬಿಟ್ಟುಬಿಡಿ. ಮರಿಗಳಾದರೆ ಪುಡಿ ಮಾಡಿದ ಅದೇ ಊಟ ನಡೆಯುತ್ತದೆ. ಬೆಳೆದ ಮರಿಗಳನ್ನು ನಮ್ಮ ಅಂಗಡಿ ವಾಪಸ್ ಕೊಳ್ಳುತ್ತದೆ. ಆದರೆ ಯೆಲ್ಲೋ ಲ್ಯಾಬ್ ಮತ್ತು ರೆಡ್ ಜೀಬ್ರಾ ಅನ್ನೋ ಇನ್ನೊಂದು ಮಲಾವಿ ಜಾತಿ ಒಂದೇ ಟ್ಯಾಂಕಿನಲ್ಲಿದ್ದರೆ ಬೆರಕೆ ಮರಿ ಹುಟ್ಟಬಹುದು. ಹಾಗಾಗಿ ಮರಿ ತಂದವರಿಗೆ ತಾಯಿಯ ಜೊತೆ ಟ್ಯಾಂಕಿನಲ್ಲಿ ಯಾವ್ಯಾವ ಗಂಡು ಇದ್ದವು ಅಂತ ಕೇಳಿಯೇ ರೇಟು ಹೇಳುತ್ತೇನೆ.