ಕಿಯೋಕಕ್‌ನ ಹಳ್ಳದಲ್ಲಿ ಹರಳುಗಲ್ಲಿನ ಬೇಟೆ

ಅಮೆರಿಕದ ಅಯೋವಾ ರಾಜ್ಯದ ಆಗ್ನೇಯ ಮೂಲೆಯಲ್ಲಿ ಕಿಯೋಕಕ್ ಎಂಬ ಸಣ್ಣ ಊರಿದೆ. ಡಿಮಾಯ್ನ್ ನದಿ ಮಿಸಿಸಿಪ್ಪಿಯನ್ನು ಸೇರುವ ಜಾಗ ಅದು. ಮಿಸಿಸಿಪ್ಪಿ ದಾಟಿದರೆ ಇಲಿನಾಯ್, ಡಿಮಾಯ್ನ್ ದಾಟಿದರೆ ಮಿಸೌರಿ. ಕಲ್ಲಿನ ಹುಚ್ಚು ಇರುವವರು ಬಕೆಟ್, ಸುತ್ತಿಗೆ ಹಿಡಿದು ಈ ಕಡೆಗೆ ಬರುತ್ತಾರೆ. ನಮ್ಮಲ್ಲಿ ಆ ಹುಚ್ಚು ಅಕ್ಕನ ಮಗಳಿಗೆ. ಕಾರು ಓಡಿಸುವ ಕೆಲಸ ನನ್ನದು.

ಒಳಗೆ ಹರಳು ತುಂಬಿದ ಗುಂಡುಕಲ್ಲಿಗೆ ಜಿಯೋಡ್ ಎನ್ನುತ್ತಾರೆ. 1967ರಿಂದ ಅದು ಅಯೋವಾದ ರಾಜ್ಯ ಕಲ್ಲು. ಕಿಯೋಕಕ್‌ನ ಉತ್ತರಕ್ಕೆ ಜಿಯೋಡ್ ಸ್ಟೇಟ್ ಪಾರ್ಕ್ ಅಂತಲೇ ಒಂದು ಉದ್ಯಾನ ಇದೆ. ಹೆಸರು ನೋಡಿ ಸುತ್ತಿಗೆ ಹಿಡಿದು ಅಲ್ಲಿಗೆ ಹೋಗಬೇಡಿ, ಅಲ್ಲಿ ಕಲ್ಲು ಎತ್ತಿಕೊಳ್ಳುವ ಹಾಗಿಲ್ಲ. ನಾವು ಹೋಗಿದ್ದು ನದಿಯಾಚೆ, ಇಲಿನಾಯ್‌ನ ಹ್ಯಾಮಿಲ್ಟನ್ ಕಡೆಗೆ. ಅಲ್ಲಿ ಕೆಲವು ಜಮೀನಿನವರು ದುಡ್ಡು ತೆಗೆದುಕೊಂಡು ಹುಡುಕಲು ಬಿಡುತ್ತಾರೆ.

ಹಳ್ಳದ ದಂಡೆ ಬೂದು ಬಣ್ಣದ ಮೆತ್ತನೆ ಶೇಲ್ ಕಲ್ಲು, ಅಂದರೆ ಕೆಸರು ಗಟ್ಟಿಯಾಗಿ ಆದ ಕಲ್ಲು. ಸುಮಾರು 34 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ತಳದ ಸುಣ್ಣದ ಕೆಸರಿನಲ್ಲಿ ಅಲ್ಲಲ್ಲಿ ಗಂಟುಗಳು ಕಟ್ಟಿದವು. ಆಮೇಲೆ ಆ ಗಂಟುಗಳು ಕರಗಿದವು, ಸಿಲಿಕಾ (ಮರಳಿನಲ್ಲಿರುವ ಮುಖ್ಯ ಅಂಶ) ಬೆರೆತ ನೀರು ಒಳಗೆ ಇಳಿಯಿತು. ಮೊದಲು ಅಂಚಿನಲ್ಲಿ ಕ್ಯಾಲ್ಸೆಡೊನಿಯ (ಹರಳು ಕಣ್ಣಿಗೆ ಕಾಣದಷ್ಟು ಸಣ್ಣದಾದ ಬೆಣಚು) ಗಟ್ಟಿ ಚಿಪ್ಪು, ನಂತರ ಒಳಮುಖವಾಗಿ ಬೆಣಚಿನ (ಕ್ವಾರ್ಟ್ಜ್) ಹರಳು. ಸುತ್ತಲಿನ ಕಲ್ಲು ಮಳೆಗೆ ಸವೆದು ಹೋಗುತ್ತದೆ, ಚಿಪ್ಪು ಸವೆಯುವುದಿಲ್ಲ. ಹಾಗಾಗಿ ಉಂಡೆಗಳು ದಂಡೆಯಿಂದ ಕಳಚಿ ಹಳ್ಳಕ್ಕೆ ಉರುಳುತ್ತವೆ. ಜೋರು ಮಳೆ ಬಂದು ಹೋದ ಮೇಲೆ ಹುಡುಕಬೇಕು ಎನ್ನುವುದು ಇದಕ್ಕೇ.

ಗುರುತಿಸುವುದು ಕಷ್ಟವಿಲ್ಲ. ನೀರಿನಲ್ಲಿ ಉರುಳಿದ ಬೇರೆ ಕಲ್ಲುಗಳು ನುಣುಪಾಗಿರುತ್ತವೆ, ಜಿಯೋಡ್ ಮೈ ಹೂಕೋಸಿನ ಹಾಗೆ ಉಬ್ಬುಉಬ್ಬು. ಒಳಗೆ ಟೊಳ್ಳಿದೆಯೇ ಎಂಬುದು ಬೇರೆ ಪ್ರಶ್ನೆ. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿಯಬೇಕು. ಹಗುರವಾಗಿರುವುದು ಟೊಳ್ಳು ಇರಬಹುದು. ಭಾರದ್ದು ಪೂರ್ತಿ ಬೆಣಚು ತುಂಬಿದ ಗಟ್ಟಿ ಗುಂಡು. ಕಿವಿಯ ಹತ್ತಿರ ಅಲ್ಲಾಡಿಸುವವರೂ ಇದ್ದರು. ಒಳಗೆ ಹರಳು ಮುರಿದು ಬಿದ್ದಿದ್ದರೆ ಮಾತ್ರ ಅದು ಸದ್ದು ಮಾಡುತ್ತದೆ, ಇಲ್ಲದಿದ್ದರೆ ಸುಮ್ನೆ ಕೈ ನೋವು.

ಒಡೆಯಲು ಸುತ್ತಿಗೆ ಬೇಡ ಎನ್ನುತ್ತೇನೆ. ಚಿಪ್ಪು ಚೂರಾಗುತ್ತದೆ, ಹರಳೂ ಉದುರುತ್ತದೆ. ಅಲ್ಲಿನವರು ಎರಕದ ಕಬ್ಬಿಣದ ಪೈಪ್ ಕತ್ತರಿಸುವ ಚೈನ್ ಕಟರ್ ಬಳಸುತ್ತಾರೆ. ಸರಪಳಿಯನ್ನು ಕಲ್ಲಿಗೆ ಸುತ್ತಿ ಬಿಗಿ ಮಾಡಿದರೆ ಟಕ್ ಅಂತ ಎರಡು ಹೋಳು. ಸುತ್ತಿಗೆಯೇ ಗತಿ ಎಂದರೆ ಕಣ್ಣಿಗೆ ಕನ್ನಡಕ ಬೇಕೇ ಬೇಕು.

“ಮಾಮ, ಇದೂ ಬೆಣಚೇನಾ?” ಎಂದು ಒಂದು ಹೋಳು ಮುಂದೆ ಹಿಡಿದಳು. ನಿಜವಾದ ಮಜಾ ಶುರುವಾಗಿದ್ದು ಇಲ್ಲಿಂದ. ಬಿಳಿ ಹರಳೆಲ್ಲ ಬೆಣಚಲ್ಲ. ಚಾಕುವಿನ ತುದಿಯಿಂದ ಮೂಲೆಯಲ್ಲಿ ಗೀರಿದೆವು. ಗೀಟು ಬಿತ್ತು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುತ್ತಾರೆ. ಬೆಣಚಿನದು 7, ಚಾಕು ಅದನ್ನು ಗೀರಲಾರದು. ಸುಣ್ಣದ ಖನಿಜವಾದ ಕ್ಯಾಲ್ಸೈಟ್‌ನದು ಬರೀ 3. ಒಂದು ಹನಿ ವಿನೆಗರ್ ಹಾಕಿದಾಗ ಸಣ್ಣ ಗುಳ್ಳೆಗಳೂ ಎದ್ದವು. ಕ್ಯಾಲ್ಸೈಟೇ. ಇನ್ನೊಂದರಲ್ಲಿ ತುಸು ಬಾಗಿದ, ಕುದುರೆ ಜೀನಿನ ಆಕಾರದ ಹರಳುಗಳಿದ್ದವು. ವಿನೆಗರ್‌ಗೆ ಅದು ಜಗ್ಗಲಿಲ್ಲ. ಅದು ಡಾಲಮೈಟ್, ಸುಣ್ಣದ ಜೊತೆ ಮೆಗ್ನೀಷಿಯಂ ಇರುವ ಖನಿಜ. ಹಿತ್ತಾಳೆ ಬಣ್ಣದ ಚುಕ್ಕೆಗಳು ಪೈರೈಟ್. ಮುಟ್ಟಿದರೆ ಬೆರಳಿಗೆ ಅಂಟುವ ಬಿಳಿ ಪುಡಿ ಕೆಯೊಲಿನೈಟ್ ಜೇಡಿ. ತೊಳೆಯುವ ಆತುರದಲ್ಲಿ ಅದನ್ನು ಹಾಳು ಮಾಡುವವರೇ ಜಾಸ್ತಿ. ಕೂದಲೆಳೆಯಂಥ ಮಿಲ್ಲರೈಟ್ ಸೂಜಿಗಳು ಅಪರೂಪಕ್ಕೆ ಸಿಗುತ್ತವೆ, ಅದು ನಿಕಲ್ ಮತ್ತು ಗಂಧಕದ ಖನಿಜ. ನಮಗೆ ಸಿಗಲಿಲ್ಲ. ಹ್ಯಾಮಿಲ್ಟನ್‌ನಿಂದ ಉತ್ತರಕ್ಕಿರುವ ನಯೋಟಾ ಊರಿನ ಕೆಲವು ಜಿಯೋಡ್‌ಗಳಲ್ಲಂತೂ ಕಪ್ಪು ಪೆಟ್ರೋಲಿಯಂ ತುಂಬಿರುತ್ತದೆ. ಒಡೆದರೆ ಕೈಯೆಲ್ಲ ಡಾಂಬರು!

ಅವಳಿಗೆ ನೇರಳೆ ಬಣ್ಣದ್ದು ಬೇಕಿತ್ತು. ಅಂಥ ಅಮೆಥಿಸ್ಟ್ ಗುಹೆಗಳು ಬ್ರೆಜಿಲ್, ಉರುಗ್ವೆಯ ಲಾವಾ ಕಲ್ಲಿನವು. ಲಾವಾದಲ್ಲಿ ಗಾಳಿಗುಳ್ಳೆ ಉಳಿದ ಜಾಗದಲ್ಲಿ ಹರಳು ಬೆಳೆದವು. ಇಲ್ಲಿ ಲಾವಾ ಇಲ್ಲ, ಕೆಸರು ಮಾತ್ರ. ಅಂಗಡಿಗಳಲ್ಲಿ ಸಿಗುವ ಗಾಢ ಗುಲಾಬಿ, ನೀಲಿ ಹೋಳುಗಳ ಬಗ್ಗೆ ಕೇಳಿದಳು. ಅವು ಸಾಮಾನ್ಯವಾಗಿ ಬಣ್ಣ ಹಾಕಿದ ಅಗೇಟ್, ಅಂದರೆ ಪಟ್ಟೆಪಟ್ಟೆ ಕ್ಯಾಲ್ಸೆಡೊನಿ.

ತುಕ್ಕಿನ ಕಲೆ ತೆಗೆಯಲು ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ. ಕ್ಯಾಲ್ಸೈಟ್ ಇದ್ದ ಹೋಳಿಗೆ ಆಸಿಡ್ ತಾಗಿಸಬಾರದು, ಹರಳೇ ಕೊರೆದುಹೋಗುತ್ತದೆ. ನಾವು ಸಾಬೂನು ನೀರು, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲೇ ಮುಗಿಸಿದೆವು. ಪ್ರತಿ ಹೋಳಿಗೂ ಸಿಕ್ಕ ಜಾಗ, ಒಳಗಿನ ಖನಿಜದ ಹೆಸರು ಬರೆದ ಚೀಟಿ ಅಂಟಿಸಿದ್ದು ಅವಳು. ಎರಡು ಚೀಟಿಗಳಲ್ಲಿ ಖನಿಜದ ಜಾಗ ಇನ್ನೂ ಖಾಲಿ ಇದೆ. ಅವು ಡಾಲಮೈಟ್ ಅಂತ ನನ್ನ ವಾದ, ಅವಳು ಒಪ್ಪಿಲ್ಲ.