ಬಚ್ಚಲಿನ ಗೋಡೆಗೂಡು: ಟೈಲ್ಸ್ ಬಂದ ಮೇಲೆಯೇ ಗೋಡೆ ಒಡೆಯಿರಿ

ನಾನು ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಕಡೆ ಟೈಲ್ಸ್ ಕೆಲಸ ಮಾಡುತ್ತೇನೆ. ಮೊದಲೆಲ್ಲ ಬಚ್ಚಲುಮನೆ ಅಂದರೆ ಒಲೆ, ಹಂಡೆ, ಸೊಂಟದ ಮಟ್ಟಕ್ಕೆ ಬಿಳಿ ಟೈಲ್ಸ್, ಅಷ್ಟೇ. ಈಗ ತೋಟದ ಮನೆಯವರೂ ಶವರ್ ಹಾಕಿಸುತ್ತಾರೆ. ಸೋಪು, ಶಾಂಪೂ ಇಡಲು ಗೋಡೆಯೊಳಗೇ ಒಂದು ಗೂಡು ಕೇಳುತ್ತಾರೆ. ಕೇಳುವುದು ಸರಿಯೇ. ಸ್ಕ್ರೂ ಹಾಕಿ ಕೂರಿಸುವ ಸ್ಟ್ಯಾಂಡು ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತದೆ, ಟೈಲ್ಸ್ ಮೇಲೆ ಕೆಂಪು ಕಲೆ ಇಳಿಯುತ್ತದೆ. ಗೂಡಿಗೆ ಆ ತಾಪತ್ರಯ ಇಲ್ಲ.

ಆದರೆ ಬಚ್ಚಲಿಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಗೂಡಿನ ಕಡೆಗೆ. ಉಳಿದ ಟೈಲ್ಸ್ ಎಷ್ಟೇ ನೆಟ್ಟಗಿರಲಿ, ಗೂಡಿನ ಪಕ್ಕದಲ್ಲಿ ಎರಡು ಬೆರಳಗಲದ ಚೂರು ಬಿದ್ದರೆ ಇಡೀ ಗೋಡೆ ಕೆಟ್ಟು ಕಾಣುತ್ತದೆ. ನೀರು ಗೋಡೆಯೊಳಗೆ ಇಳಿಯಲು ದಾರಿ ಹುಡುಕುವುದೂ ಅಲ್ಲೇ. ಇವೆರಡಕ್ಕೂ ನಾನು ಒಂದೇ ಮಾತು ಹೇಳುತ್ತೇನೆ: ಟೈಲ್ಸ್ ಆರಿಸಿ, ಪೆಟ್ಟಿಗೆ ಮನೆಗೆ ಬರುವ ತನಕ ಗೂಡಿಗಾಗಿ ಗೋಡೆ ಮುಟ್ಟಬಾರದು.

ನಡೆಯುವುದು ಇದಕ್ಕೆ ತಿರುಗಾಮುರುಗಾ. ಪೈಪಿಗೆ ಗೋಡೆ ಕೊರೆಯುವಾಗಲೇ "ಗೂಡೂ ಒಂದು ಒಡೆದುಬಿಡಿ" ಅನ್ನುತ್ತಾರೆ. ಗಾರೆಯವರು ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂತ ಕಣ್ಣಂದಾಜಿನಲ್ಲಿ ಒಡೆದು, ಸಾರಣೆ ಮಾಡಿ ಹೋಗುತ್ತಾರೆ. ನಾವು ಹೋಗುವ ಹೊತ್ತಿಗೆ ಗೂಡು ಒಂದು ಲೆಕ್ಕದಲ್ಲಿ, ಟೈಲ್ಸ್ ಇನ್ನೊಂದು ಲೆಕ್ಕದಲ್ಲಿ ಇರುತ್ತವೆ. ಆಮೇಲೆ ಸುಮ್ನೆ ಚೂರು ಕತ್ತರಿಸಿ ತುಂಬಿಸುವ ಕೆಲಸ.

ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲಿ ಹೀಗೇ ಮಾತು ಬಂತು.

"ಅಮ್ಮ, ಟೈಲ್ಸ್ ಯಾವುದು ತಂದಿದ್ದೀರಿ?"

"ಇನ್ನೂ ತಂದಿಲ್ಲ ಮೇಸ್ತ್ರಿ. ಗೂಡು ಮಾಡಿಬಿಡಿ, ಆಮೇಲೆ ಶಿವಮೊಗ್ಗಕ್ಕೆ ಹೋಗಿ ತರ್ತೇವೆ."

"ಹಾಗಿದ್ರೆ ಗೂಡು ಈಗ ಬೇಡಮ್ಮ. ಟೈಲ್ಸ್ ಬರಲಿ, ಅದರ ಅಳತೆಗೇ ಒಡೆಯೋಣ."

ಆಮೇಲೆ ಬಂದದ್ದು 300 ಮಿ.ಮೀ. ಎತ್ತರ, 600 ಮಿ.ಮೀ. ಅಗಲದ ಗೋಡೆ ಟೈಲ್ಸ್, ಅಂದರೆ ನಾವು ಒಂದಡಿ ಎರಡಡಿ ಅನ್ನುವುದು. ಶವರ್ ಗೋಡೆ ಸಾರಣೆ ಆದ ಮೇಲೆ 1500 ಮಿ.ಮೀ. ಅಗಲ ಇತ್ತು. ಟೈಲ್ಸ್ ನಡುವಿನ ಸಂದು 2 ಮಿ.ಮೀ. ಅಂತ ಇಟ್ಟುಕೊಂಡರೆ ಈ ಗೋಡೆಯಲ್ಲಿ ಎರಡು ರೀತಿ ಹಾಕಬಹುದು. ಗೋಡೆಯ ನಡುಮಧ್ಯಕ್ಕೆ ಎರಡು ಟೈಲ್ಸಿನ ಸಂದು ತಂದರೆ ಎರಡೂ ಮೂಲೆಯಲ್ಲಿ 147 ಮಿ.ಮೀ. ಚೂರು ಉಳಿಯುತ್ತದೆ. ನಡುಮಧ್ಯಕ್ಕೆ ಒಂದು ಇಡೀ ಟೈಲ್ ತಂದರೆ ಎರಡೂ ಕಡೆ 448 ಮಿ.ಮೀ. ತುಂಡು ಬರುತ್ತದೆ. ಎರಡನೆಯದೇ ಚೆಂದ, ಅಲ್ವಾ? ಗೂಡಿಗೆ ಜಾಗವೂ ಅಲ್ಲೇ ಸಿಕ್ಕಿತು. ಆ ನಡುವಿನ ಸಾಲಿನಲ್ಲಿ ಒಂದು ಟೈಲ್ ಬಿಟ್ಟರೆ ಅದೇ ಗೂಡು. ನಾಲ್ಕೂ ಕಡೆಯ ಸಂದು ಗೋಡೆಯ ಸಂದಿನ ಜೊತೆ ನೇರವಾಗಿ ಹೋಗುತ್ತದೆ. ಒಂದು ಚೂರೂ ಇಲ್ಲ.

ಈಗ ಒಡೆಯುವ ಅಳತೆ. ಸಂದಿಗೆ 2 ಮಿ.ಮೀ. ಸ್ಪೇಸರ್ (ಸಂದು ಒಂದೇ ಸಮ ಇರಲು ನಡುವೆ ಇಡುವ ತುಂಡು) ಇಟ್ಟರೆ, ಬಿಟ್ಟ ಟೈಲಿನ ಜಾಗ 604 ಅಗಲ, 304 ಎತ್ತರ. ಗೂಡಿನೊಳಗಿನ ಪಕ್ಕಗಳಿಗೂ ಟೈಲ್ ಬರುತ್ತದೆ. ಟೈಲಿನ ದಪ್ಪ 9, ಅಂಟು 4, ಒಟ್ಟು 13 ಮಿ.ಮೀ. ಎರಡು ಪಕ್ಕಕ್ಕೆ 26. ಹಾಗಾಗಿ ಒಳಗಿನ ಸಾರಣೆ ಮುಗಿದ ಮೇಲೆ ಅಗಲ 630 ಇರಬೇಕು. ಎತ್ತರಕ್ಕೆ ಮೇಲ್ಗಡೆ 13, ಕೆಳಗಡೆ ತಳಕ್ಕೆ ಹಾಕುವ ಗ್ರಾನೈಟಿನ ಅಡಿ ಅಂಟಿಗೆ 5 ಸೇರಿಸಿ ಸುಮಾರು 320. ಆಳ 100 ಸಾಕು. ಆಳದಲ್ಲಿ ಟೈಲಿನ ದಪ್ಪ ಸೇರಿಸಬೇಕಿಲ್ಲ. ಹಿಂದಿನ ಟೈಲ್ ಎಷ್ಟು ತಿನ್ನುತ್ತದೋ ಮುಂದಿನ ಟೈಲ್ ಅಷ್ಟನ್ನು ವಾಪಸ್ ಕೊಡುತ್ತದೆ. ಗೋಡೆ ಒಡೆಯುವಾಗ ಸಾರಣೆಯ ದಪ್ಪಕ್ಕೆ ಸುತ್ತ ಇನ್ನೂ ಅರ್ಧ ಇಂಚು ಬಿಡಿ.

ಎತ್ತರ ಎಲ್ಲಿ ಅನ್ನುವುದನ್ನೂ ಟೈಲ್ಸ್ ಸಾಲೇ ಹೇಳುತ್ತದೆ. ನಾಲ್ಕು ಸಾಲು ಮುಗಿದರೆ 1208 ಮಿ.ಮೀ., ಹತ್ತಿರ ಹತ್ತಿರ 4 ಅಡಿ. ನಿಂತು ಸ್ನಾನ ಮಾಡುವವರಿಗೆ ಅದು ಸರಿ. ಆ ಮನೆಯ ಅಜ್ಜಿ ಬಂದು ನೋಡಿ, "ನಾನು ಮಣೆ ಮೇಲೆ ಕೂತು ತಂಬಿಗೆಯಲ್ಲಿ ಮೀಯೋದು ಮಾರಾಯ, ನಂಗೆ ಅಲ್ಲಿ ಕೈ ಎಟುಕೋದಿಲ್ಲ" ಅಂದರು. ಅವರು ಹೇಳಿದ್ದು ನ್ಯಾಯ. ನಮ್ಮ ಕಡೆ ಶವರ್ ಹಾಕಿದ ಮನೆಯಲ್ಲೂ ಅರ್ಧ ಜನ ಬಕೆಟ್ಟಿನಲ್ಲೇ ಮೀಯುತ್ತಾರೆ. ಪಕ್ಕದ ಗೋಡೆಯಲ್ಲಿ ಎರಡು ಸಾಲಿನ ಮೇಲೆ, 2 ಅಡಿ ಎತ್ತರಕ್ಕೆ, ಅರ್ಧ ಟೈಲ್ ಅಗಲದ ಇನ್ನೊಂದು ಸಣ್ಣ ಗೂಡು ಮಾಡಿದೆವು. ಮನೆಯಲ್ಲಿ ವಯಸ್ಸಾದವರು ಇದ್ದರೆ ನೀವೇ ಮುಂದಾಗಿ ಇದನ್ನು ಕೇಳಿ. ಅವರು ತಾವಾಗಿ ಹೇಳುವುದು ಕಡಿಮೆ.

ಯಾವ ಗೋಡೆ ಅನ್ನುವುದು ಮಲೆನಾಡಿನಲ್ಲಿ ದೊಡ್ಡ ಪ್ರಶ್ನೆ. ಹೊರಗೋಡೆ, ಅದರಲ್ಲೂ ಮಳೆ ಹೊಡೆಯುವ ಪಡುವಣ ದಿಕ್ಕಿನ ಗೋಡೆ ನಾನು ಒಪ್ಪುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಜಂಬಿಟ್ಟಿಗೆ ಕಲ್ಲಿನ ಮೈತುಂಬ ತೂತು, ಹೊರಗಿನ ಸಾರಣೆ ಎಲ್ಲಿ ಬಿಟ್ಟಿದೆಯೋ ಅಲ್ಲಿ ನೀರು ಹೀರುತ್ತದೆ. ಅಂಥ ಗೋಡೆಯನ್ನು ನಾಲ್ಕು ಇಂಚು ಕೆತ್ತಿ ತೆಳ್ಳಗೆ ಮಾಡಿದರೆ ಹೊರಗಿನ ನೀರು ಒಳಗೆ, ಒಳಗಿನ ನೀರು ಹೊರಗೆ. ಎರಡು ಕೋಣೆಯ ನಡುವಿನ ದಪ್ಪ ಗೋಡೆ ಒಳ್ಳೆಯದು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಆದರೆ ಒಡೆಯಲೇಬೇಡಿ. ಅದರ ಮುಂದೆ ಇನ್ನೊಂದು ಸಾಲು ಇಟ್ಟಿಗೆ ಕಟ್ಟಿ ಗೂಡಿನ ಜಾಗ ಬಿಡಬಹುದು, ಬಚ್ಚಲು ಅಷ್ಟು ಕಿರಿದಾಗುತ್ತದೆ ಅಷ್ಟೇ. ಗೂಡು ಎರಡಡಿ ಅಗಲ ಇದ್ದರೆ ಮೇಲಿನ ಕಲ್ಲು ಹೊರಲು ಒಂದು ಗ್ರಾನೈಟ್ ಪಟ್ಟಿ ಅಥವಾ ಕಬ್ಬಿಣ ಹಾಕಿದ ಕಾಂಕ್ರೀಟ್ ತುಂಡು ಎರಡೂ ಕಡೆ ಗೋಡೆಯೊಳಗೆ ಕೂರುವಂತೆ ಇಡಬೇಕು. ಒಡೆಯುವ ಮೊದಲು ಪೈಪ್ ಎಲ್ಲಿ ಹೋಗಿದೆ ಅಂತ ಪ್ಲಂಬರನ್ನು ಕರೆದು ಕೇಳಿ, ಗೋಡೆ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಸಿ. ಪೈಪುಗಳಿಗೆ ಒತ್ತಡ ಕೊಟ್ಟು ಸೋರುವುದಿಲ್ಲ ಅಂತ ನೋಡಿದ ಮೇಲೆಯೇ ಸಾರಣೆ.

ವಾಟರ್‌ಪ್ರೂಫ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬೇಡ ಅನ್ನುವವರು ಇನ್ನೂ ತುಂಬ ಜನ. "ಟೈಲ್ಸೇ ನೀರು ತಡೆಯುತ್ತಲ್ಲ" ಅನ್ನುತ್ತಾರೆ. ಟೈಲ್ ತಡೆಯಬಹುದು, ಸಿಮೆಂಟಿನ ಸಂದು ತಡೆಯುವುದಿಲ್ಲ. ದಿನವೂ ಅಷ್ಟಷ್ಟೇ ನೀರು ಸಂದಿನಿಂದ ಹಿಂದಕ್ಕೆ ಇಳಿಯುತ್ತದೆ. ಮೊದಲು ಗೋಡೆಯ ಆಚೆ ಬದಿಯ ಬಣ್ಣ ಉಬ್ಬುತ್ತದೆ, ಆಮೇಲೆ ಬಿಳಿ ಉಪ್ಪು ಏಳುತ್ತದೆ. ಪುಡಿಯೂ ದ್ರವವೂ ಸೇರಿಸಿ ಕಲಸುವ ಎರಡು ಭಾಗದ ಲೇಪ ಸಿಗುತ್ತದೆ. ಅದನ್ನು ಎರಡು ಸಲ ಬಳಿಯಬೇಕು, ಮೊದಲ ಸಲ ಅಡ್ಡಕ್ಕೆ, ಒಣಗಿದ ಮೇಲೆ ಎರಡನೆಯ ಸಲ ಉದ್ದಕ್ಕೆ. ಗೂಡಿನ ಐದೂ ಮೈಗೆ, ಒಳಮೂಲೆಗೆ ಬಲೆಯಂಥ ಪಟ್ಟಿ ಕೂರಿಸಿ, ಗೂಡಿನ ಬಾಯಿಂದ ಹೊರಗೆ ಗೋಡೆಯ ಲೇಪದ ಜೊತೆ ಒಂದೇ ಹೊದಿಕೆ ಆಗುವಂತೆ ಬಳಿಯಬೇಕು. ಗೂಡಿನ ಅಂಚಿನಲ್ಲಿ ಲೇಪ ನಿಲ್ಲಿಸಿದರೆ ಬಳಿದೂ ಉಪಯೋಗವಿಲ್ಲ. ಶವರಿನ ಗೋಡೆಗೆ ಶವರಿನ ಎತ್ತರದ ತನಕ ಬಳಿಯುತ್ತೇನೆ. ನೆಲಕ್ಕೆ ಲೇಪ ಒಣಗಿದ ಮೇಲೆ ನೀರು ಹೋಗುವ ತೂತು ಮುಚ್ಚಿ, 24 ಗಂಟೆ ನೀರು ನಿಲ್ಲಿಸಿ ನೋಡುತ್ತೇನೆ. ಮಹಡಿ ಮೇಲಿನ ಬಚ್ಚಲಾದರೆ ಕೆಳಗಿನ ಕೋಣೆಯ ಸೂರನ್ನು ಮನೆಯವರೇ ನೋಡಿ ಒಪ್ಪಲಿ.

ಒಣಗಿದ ಮೇಲೆ ಅಂದೆನಲ್ಲ, ಇಲ್ಲಿ ಒಣಗಿಸುವುದೇ ಕಷ್ಟದ ಕೆಲಸ. ಅಡಿಕೆ ಕೊಯ್ಲು, ಸುಲಿತ, ಮಾರಾಟ ಎಲ್ಲ ಮುಗಿದು ಕೈಗೆ ದುಡ್ಡು ಬರುವಾಗ ಬೇಸಿಗೆ ಬಂದಿರುತ್ತದೆ. ಎಲ್ಲರಿಗೂ ಮೃಗಶಿರಾ ಮಳೆಗೆ ಮೊದಲೇ ಮುಗಿಯಬೇಕು. ಸಾರಣೆ ಹಸಿ ಇರುವಾಗಲೇ ಲೇಪ ಬಳಿಸುವ ಅವಸರ ಅಲ್ಲಿಂದ ಶುರು. ನಾನು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸುತ್ತೇನೆ. ಮರುದಿನ ಹಾಳೆಯ ಹಿಂದೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ. ಮನೆಯವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಆ ಹನಿ ತೋರಿಸಿದರೆ ಬೇಗ ಒಪ್ಪುತ್ತಾರೆ.

ಟೈಲ್ಸ್ ಹಚ್ಚುವಾಗ ನೆಲದ ಸಾಲಿನಿಂದ ಶುರು ಮಾಡುವುದಿಲ್ಲ. ಬಚ್ಚಲ ನೆಲಕ್ಕೆ ವಾಟ, ಅಂದರೆ ನೀರು ಹರಿಯಲು ಇಳಿಜಾರು ಇರುತ್ತದೆ, 80ಕ್ಕೆ 1, ಅಂದರೆ 5 ಅಡಿಗೆ ಮುಕ್ಕಾಲು ಇಂಚು. ವಾಟದ ನೆಲ ನಂಬಿ ಗೋಡೆ ಎಬ್ಬಿಸಿದರೆ ಸಾಲು ಸೊಟ್ಟ ಆಗುತ್ತದೆ. ಎರಡನೇ ಸಾಲಿನ ಕೆಳಗೆ ರಸಮಟ್ಟ ಇಟ್ಟು ನೇರ ಪಟ್ಟಿ ಹೊಡೆದು, ಅಲ್ಲಿಂದ ಮೇಲಕ್ಕೆ ಹೋಗುತ್ತೇನೆ. ಕೆಳಗಿನ ಸಾಲನ್ನು ಕೊನೆಗೆ ವಾಟಕ್ಕೆ ಸರಿಯಾಗಿ ಕತ್ತರಿಸಿ ಕೂರಿಸುತ್ತೇನೆ.

ಅಂಟಿನ ವಿಷಯದಲ್ಲಿ ರಾಜಿ ಬೇಡ. ಗೋಡೆಯ ಸೆರಾಮಿಕ್ ಟೈಲ್ ನೀರು ಹೀರುತ್ತದೆ, ಹಾಗಾಗಿ ನೆನೆಸಿಟ್ಟು ಸಿಮೆಂಟಿನಲ್ಲಿ ಹಚ್ಚುವ ಹಳೆಯ ಕ್ರಮ ಅದಕ್ಕೆ ನಡೆಯುತ್ತಿತ್ತು. ವಿಟ್ರಿಫೈಡ್ ಟೈಲ್ ನೀರು ಹೀರುವುದು 0.5 ಶೇಕಡಕ್ಕಿಂತಲೂ ಕಡಿಮೆ. ಬರೀ ಸಿಮೆಂಟ್ ಹಾಲು ಅದರ ಬೆನ್ನಿಗೆ ಹಿಡಿಯುವುದೇ ಇಲ್ಲ. ವಾಟರ್‌ಪ್ರೂಫ್ ಲೇಪದ ಮೇಲಂತೂ ಯಾವ ಟೈಲ್ ಆದರೂ ನಾನು ಟೈಲ್ ಅಂಟನ್ನೇ ಬಳಸುತ್ತೇನೆ, ಆಗ ಟೈಲ್ ನೆನೆಸಬಾರದು. ಅಂಟಿನ ಹದ ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ. ಕಲಸಿ ಚೀಲದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ ತಿರುವಿ, ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೀರಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವವರ ಕೆಲಸ ಬೇಗ ಮುಗಿಯುತ್ತದೆ ನಿಜ. ಬೆರಳಲ್ಲಿ ತಟ್ಟಿ ನೋಡಿ, ನಡುವೆ ಟೊಳ್ಳು ಸದ್ದು ಬರುತ್ತದೆ. ಆ ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ. ನಡುನಡುವೆ ಹಚ್ಚಿದ ಟೈಲ್ ಒಂದನ್ನು ಹಸಿ ಇರುವಾಗಲೇ ಕಿತ್ತು ಬೆನ್ನು ನೋಡುವುದು ನನ್ನ ಪದ್ಧತಿ. ಬೆನ್ನು ತುಂಬ ಅಂಟು ಹರಡಿರಬೇಕು.

ಗೂಡಿನೊಳಗೆ ಮೊದಲು ಹಿಂದಿನ ಟೈಲ್. ಆಮೇಲೆ ತಳಕ್ಕೆ ಗ್ರಾನೈಟ್, ಒಂದೇ ತುಂಡು. ತಳಕ್ಕೆ ಟೈಲ್ ಹಾಕಿದರೆ ಅಂಚಿನ ಸಂದಿನಲ್ಲಿ ಸೋಪಿನ ನೀರು ನಿಂತು ಬೂಷ್ಟು ಬರುತ್ತದೆ. ಗ್ರಾನೈಟಿನ ಮುಂದಿನ ಅಂಚು ಕೆಳಗಿನ ಟೈಲಿಗಿಂತ 5 ಮಿ.ಮೀ. ಹೊರಗೆ ಬಂದಿರಲಿ, ಅಂಚಿಗೆ ಪಾಲಿಶ್ ಇರಲಿ. ಹಿಂದಿನಿಂದ ಮುಂದಕ್ಕೆ 2ರಿಂದ 3 ಮಿ.ಮೀ. ಇಳಿಜಾರು ಕೊಡಿ. ಕಣ್ಣಿಗೆ ಕಾಣುವುದಿಲ್ಲ, ಬಾಟಲಿಯೂ ಜಾರುವುದಿಲ್ಲ, ನೀರು ಮಾತ್ರ ಇಳಿದು ಹೋಗುತ್ತದೆ. ಅಂಟು ಹಸಿ ಇರುವಾಗಲೇ ಒಂದು ಲೋಟ ನೀರು ಮೆಲ್ಲಗೆ ಬಿಟ್ಟು ನೋಡಿ. ತಿದ್ದಲು ಆಗುವುದು ಆಗ ಮಾತ್ರ. ನಂತರ ಮೇಲಿನ ತುಂಡನ್ನು ಕಡ್ಡಿ ಕೊಟ್ಟು ನಿಲ್ಲಿಸಿ, ಎರಡು ಪಕ್ಕದ ತುಂಡುಗಳನ್ನು ಅದರ ಅಡಿಗೆ ಬಿಗಿಯಾಗಿ ಕೂರಿಸಿದರೆ ಅವೇ ಅದನ್ನು ಹೊರುತ್ತವೆ.

ಹೊರ ಅಂಚಿಗೆ ಮೂರು ದಾರಿ ಇವೆ. ಎರಡೂ ಟೈಲನ್ನು 45 ಡಿಗ್ರಿಗೆ ಸೀಳಿ ಜೋಡಿಸುವುದು ನೋಡಲು ಎಲ್ಲಕ್ಕಿಂತ ಚೆಂದ. ಆದರೆ ಗೋಡೆ ಟೈಲಿನ ಮೇಲಿನ ಹೊಳಪು ಪದರ ತೆಳು, ಕತ್ತಿಯ ಹಾಗೆ ಚೂಪು ಮಾಡಿದರೆ ಚಕ್ಕೆ ಏಳುತ್ತದೆ. ಮೇಲೆ ಒಂದು ಮಿ.ಮೀ. ಉಳಿಸಿ ಸೀಳಿ, ಅಂಚನ್ನು ವಜ್ರದ ಪ್ಯಾಡಿನಲ್ಲಿ ಉಜ್ಜಿ, ಸಂದಿಗೆ ಅದೇ ಬಣ್ಣದ ಎಪಾಕ್ಸಿ (ಕಲಸಿದ ಮೇಲೆ ಗಟ್ಟಿಯಾಗುವ, ನೀರು ಹೀರದ ರಾಳ) ತುಂಬಬೇಕು. ಎರಡನೆಯದು ಸ್ಟೀಲ್ ಅಥವಾ ಪಿವಿಸಿ ಪಟ್ಟಿ. ಮೂರನೆಯದು ಸುತ್ತ ಗ್ರಾನೈಟ್ ಚೌಕಟ್ಟು. ಇದಕ್ಕೆ ಅಳತೆ ಬೇರೆ, ಒಡೆಯುವ ಮೊದಲೇ ಹೇಳಿರಬೇಕು. ತಾಮ್ರದ ತಂಬಿಗೆ, ಸ್ಟೀಲ್ ಬಕೆಟ್ ಓಡಾಡುವ, ಮಕ್ಕಳಿರುವ ಮನೆಗೆ ನಾನು ಗ್ರಾನೈಟ್ ಚೌಕಟ್ಟೇ ಹೇಳುತ್ತೇನೆ. ಏಟು ಬಿದ್ದರೂ ಅಂಚು ಉಳಿಯುತ್ತದೆ. ಸೀಳುವ ಹುಡುಗರು ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಲಿ, ಬ್ಲೇಡಿಗೆ ನೀರು ಬಿಟ್ಟು ಕತ್ತರಿಸಲಿ. ಆ ದೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನನ್ನ ಜೊತೆಗಿರುವ ಹುಡುಗ "ಸೆಕೆ ಆಗ್ತದೆ ಅಣ್ಣ" ಅಂತ ಮಾಸ್ಕ್ ತೆಗೆದರೆ ಮಷೀನ್ ಸ್ವಿಚ್ ನಾನೇ ಆರಿಸುತ್ತೇನೆ.

ಸಂದು ತುಂಬಲು ಶವರಿನ ಗೋಡೆಗೂ ಗೂಡಿಗೂ ಎಪಾಕ್ಸಿ ಒಳ್ಳೆಯದು, ದುಬಾರಿಯಾದರೂ. ಸಂದು ಪೂರ್ತಿ ಒಣಗಿರಬೇಕು, ಮತ್ತು ಟೈಲ್ ಮೇಲೆ ಉಳಿದದ್ದನ್ನು ಗಟ್ಟಿಯಾಗುವ ಮೊದಲೇ ಒರೆಸಿ ತೆಗೆಯಬೇಕು. ಗೂಡಿನ ಒಳಮೂಲೆಗೆ ರಬ್ಬರಿನಂತೆ ಬಾಗುವ ಸಿಲಿಕೋನ್. ಬಿಳಿ ಬಣ್ಣ ಬೇಡ ಅಂತ ಹೇಳುತ್ತೇನೆ. ನಮ್ಮ ಕಡೆ ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದೆ, ಬಿಳಿ ಸಂದು ಕೆಂಪಾಗುತ್ತದೆ. ಆಮೇಲೆ ಆಸಿಡ್ ಹಾಕಿ ಉಜ್ಜುತ್ತಾರೆ, ಸಿಮೆಂಟಿನ ಸಂದಾದರೆ ಆಸಿಡ್ ಅದನ್ನೇ ತಿನ್ನುತ್ತದೆ. ಬೂದು ಬಣ್ಣ ಹಾಕಿಸಿ.

ಟೈಲ್ಸ್ ಕೊಳ್ಳುವಾಗ ನೂರಕ್ಕೆ ಹತ್ತು ಜಾಸ್ತಿ ತನ್ನಿ. ಎಲ್ಲ ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಗೂಡಿಗೆಂದು ಆಮೇಲೆ ತಂದ ಟೈಲಿನ ಬಣ್ಣ ಕೂದಲೆಳೆಯಷ್ಟು ಬೇರೆ ಇದ್ದರೂ ಎದ್ದು ಕಾಣುತ್ತದೆ.

ಕೂಲಿಯ ಮಾತನ್ನೂ ಮೊದಲೇ ಆಡಿಬಿಡಿ. ಚದರಡಿ ಲೆಕ್ಕದಲ್ಲಿ ಗೂಡು ನಾಲ್ಕು ಚದರಡಿ ದಾಟುವುದಿಲ್ಲ. ಆದರೆ ಅದಕ್ಕೆ ಹಿಡಿಯುವ ಹೊತ್ತಿನಲ್ಲಿ ಒಂದು ದೊಡ್ಡ ಗೋಡೆ ಮುಗಿಯುತ್ತದೆ. ಚದರಡಿಗೆ ಮಾತಾಡಿದವನು ಗೂಡಿನಲ್ಲಿ ಅವಸರ ಮಾಡದೆ ಇನ್ನೇನು ಮಾಡಿಯಾನು? ನಾನು ಗೂಡಿಗೆ ಬೇರೆ ಕೂಲಿ ಹೇಳುತ್ತೇನೆ, ಅಂಚು ಯಾವ ತರಹ ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡುತ್ತೇನೆ.